ಸುಟ್ಟ ಸುಣ್ಣ ಅರಳುವ ಬಗೆ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ವಿಷಯವನ್ನೂ ತಾವೇ ಸೂಚಿಸಿದರು: ಕ್ರೈಸ್ತ ಬದುಕಿನಲ್ಲಿ, ಸೇವೆಯಲ್ಲಿ ಬಸವಳಿದವರಿಗೆ ದೇವರ ಆಸರೆ. ಅವರ ಪತ್ರ ಓದಿದಾಗ ನನಗೆ 2010ರ ಒಂದು ಭಾನುವಾರ ನೆನಪಾಯಿತು. ಅದನ್ನು ಹೇಳದೆ ಮುಂದೆ ಹೋದರೆ ಈ ಉಪನ್ಯಾಸ ಪ್ರಾಮಾಣಿಕವಾಗುವುದಿಲ್ಲ.

2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಮಲಪ್ರಭೆ ಉಕ್ಕಿ ಬಂದದ್ದನ್ನು ನಿಮ್ಮಲ್ಲಿ ಯಾರೂ ಮರೆತಿರಲಾರರು. ಬಾದಾಮಿ, ಹುನಗುಂದ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಕರಗಿ ಕುಸಿದವು. ನಾನು ಆಗ ಈ ಭಾಗದಲ್ಲಿ ಸಭಾಪಾಲಕನಾಗಿದ್ದೆ. ಜೋಳ, ಅಕ್ಕಿ, ಚಾದರ ಹಂಚುವುದು, ಮನೆ ಬಿದ್ದವರ ಪಟ್ಟಿ ಬರೆಯುವುದು, ಆ ಪಟ್ಟಿ ಹಿಡಿದು ಕಚೇರಿಗೆ ಅಲೆಯುವುದು, ಶೆಡ್ಡಿನಲ್ಲಿ ಮಲಗಿದ್ದ ಮುದುಕರನ್ನು ಆಸ್ಪತ್ರೆಗೆ ಒಯ್ಯುವುದು, ಭಾನುವಾರ ಬಂತೆಂದರೆ ಮೂರು ಊರುಗಳಲ್ಲಿ ಆರಾಧನೆ. ಎಂಟು ತಿಂಗಳಲ್ಲಿ ಒಂದು ಪೂರ್ತಿ ದಿನವೂ ನಾನು ಮನೆಯಲ್ಲಿ ಕೂತಿರಲಿಲ್ಲ. ಅದನ್ನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಮರುವರ್ಷದ ಆ ಭಾನುವಾರ ಆರಾಧನೆಯ ಕೊನೆಗೆ ಆಶೀರ್ವಾದಕ್ಕೆಂದು ಕೈ ಎತ್ತಿದೆ. ಮಾತು ಬರಲಿಲ್ಲ. ಮೂವತ್ತು ವರ್ಷ ಬಾಯಲ್ಲಿ ಸವೆದ ಮಾತುಗಳು ಒಂದೂ ಬರಲಿಲ್ಲ. ಕೈ ಎತ್ತಿದಂತೆಯೇ ನಿಂತಿದ್ದೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ, ಹೊಳೆಯಲ್ಲಿ ಮನೆ ಕಳಕೊಂಡವಳು, ಎದ್ದು ಬಂದು ನನ್ನ ಕೈ ಹಿಡಿದು ಇಳಿಸಿದಳು. “ಅಯ್ಯನವರ, ಇವತ್ತ ನೀವು ಕುಂಡರ್ರಿ. ನಿಮ್ಮ ಸಲುವಾಗಿ ನಾವ ಪ್ರಾರ್ಥನಾ ಮಾಡ್ತೀವಿ” ಎಂದಳು.

ನಾನು ಕೂತೆ. ಇಂದು ನಿಮಗೆ ಹೇಳಬೇಕೆಂದಿರುವುದು ಆ ಕೂತ ಘಳಿಗೆಯಲ್ಲಿ ನನಗೆ ತಿಳಿಯತೊಡಗಿದ ಒಂದೇ ಸಂಗತಿ. ದೇವರ ಮೇಲೆ ಭಾರ ಹಾಕುವುದೆಂದರೆ ಕೆಲಸ ನನ್ನದು, ಬಲ ಮಾತ್ರ ದೇವರದು ಎಂದು ಬಗೆಯುವುದಲ್ಲ. ಕೆಲಸವೇ ಅವನದು ಎಂದು ಒಪ್ಪುವುದು. ಯಜಮಾನಿಕೆ ಬಿಟ್ಟುಕೊಟ್ಟವನಿಗೆ ಮಾತ್ರ ವಿಶ್ರಾಂತಿ ದಕ್ಕುತ್ತದೆ.

ಇಂಗ್ಲಿಷಿನಲ್ಲಿ ಈ ಸ್ಥಿತಿಗೆ ಬರ್ನ್ ಔಟ್ ಎನ್ನುತ್ತಾರೆ. ಆ ಪದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್, 1974ರಲ್ಲಿ. ಬಡವರಿಗೆಂದು ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ಸ್ವಂತ ಇಚ್ಛೆಯಿಂದ ದುಡಿಯುತ್ತಿದ್ದವರನ್ನು ನೋಡಿ, ತಾವೂ ಅವರೊಡನೆ ದುಡಿದು ಸೋತು, ಅವರು ಇದನ್ನು ಬರೆದರು. ಗಮನಿಸಿ, ಈ ಪದ ಹುಟ್ಟಿದ್ದು ಸಂಬಳಕ್ಕಾಗಿ ಓಡುವವರ ನಡುವೆ ಅಲ್ಲ, ಸೇವೆಗೆಂದು ಬಂದವರ ನಡುವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗವರ್ಗೀಕರಣದ 11ನೇ ಪರಿಷ್ಕರಣೆಯಲ್ಲಿ ಇದನ್ನು ಕಾಯಿಲೆ ಎಂದು ಕರೆಯದೆ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸೇರಿಸಿತು. ಲಕ್ಷಣಗಳು ಮೂರು: ಕಸುವು ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿದು ಕಹಿಯಾಗುವುದು, ನನ್ನ ಕೈಯಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನನ್ನಲ್ಲಿ ಮೂರೂ ಇದ್ದವು. ಎರಡನೆಯದು ಎಲ್ಲಕ್ಕಿಂತ ಕೆಟ್ಟದ್ದು. ಬಾಗಿಲಿಗೆ ಬಂದ ನಿರಾಶ್ರಿತನನ್ನು ಕಂಡು ‘ಮತ್ತೆ ಬಂದನೆ’ ಅಂದುಕೊಂಡ ದಿನ ನಾನು ಕ್ರಿಸ್ತನ ಸೇವಕನಾಗಿ ಉಳಿದಿರಲಿಲ್ಲ, ಹೊರಗೆ ನಿಲುವಂಗಿ ಮಾತ್ರ ಉಳಿದಿತ್ತು.

ಈ ಸ್ಥಿತಿಗೆ ಕನ್ನಡದಲ್ಲಿ ಮೊದಲಿನಿಂದಲೂ ಮಾತಿದೆ. ಸೋತು ಸುಣ್ಣವಾದ, ಅನ್ನುತ್ತೇವೆ. ಈ ಮಾತಿನ ಅರ್ಥ ಬಾಗಲಕೋಟೆಯವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯಲಾರದು. ನಮ್ಮ ಕಾಲಡಿಯಲ್ಲಿರುವುದು ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಈ ಸೀಮೆಯ ಹಳೆಯ ಶಿಲಾಸ್ತರಗಳಿಗೆ ನಮ್ಮ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಈ ಕಲ್ಲನ್ನು ನಂಬಿಯೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದವು, ಅದಕ್ಕೂ ಮೊದಲು ಸುಣ್ಣದ ಭಟ್ಟಿಗಳಿದ್ದವು. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿಗೆ ಕಲ್ಲು ಬೆಂದಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಉಳಿಯುವುದು ಸುಮಾರು 56 ಕಿಲೋ. ವಿಚಿತ್ರವೆಂದರೆ ಹರಳಿನ ಆಕಾರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕಣ್ಣಿಗೆ ಕಲ್ಲೇ, ಕೈಗೆತ್ತಿಕೊಂಡಾಗ ಹಗುರ. ದಣಿದ ಸೇವಕನೂ ಹೀಗೆಯೇ. ಭಾನುವಾರ ಪೀಠದಲ್ಲಿ ನಿಂತಾಗ ಸಭೆಗೆ ಕಾಣುವುದು ಹಳೆಯ ಆಕಾರ. ಒಳಗಿನ ಅರ್ಧ ತೂಕ ಎಂದೋ ಹಾರಿಹೋಗಿರುತ್ತದೆ. ಅದು ಗೊತ್ತಿರುವುದು ಅವನ ಹೆಂಡತಿಗೆ, ಮತ್ತು ದೇವರಿಗೆ.

ನಮ್ಮ ಸಭೆಗಳ ಚರಿತ್ರೆಯಲ್ಲೇ ಇಂಥ ಸುಟ್ಟ ಕಲ್ಲುಗಳು ಸಾಲುಸಾಲಾಗಿವೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನಮ್ಮ ಖಣ ನೇಕಾರರ ಊರಾದ ಗುಳೇದಗುಡ್ಡ. ಕನ್ನಡ ಬೈಬಲನ್ನು ತಿದ್ದುವ ಕೆಲಸದಲ್ಲಿ ಮುಳುಗಿದ್ದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. 1876ರಿಂದ 78ರ ದೊಡ್ಡ ಬರ ಇದೇ ನೆಲವನ್ನು ಹುರಿಯಿತು. ಆಗ ಜಿಲ್ಲೆಯ ಹೆಸರು ಕಲಾದಗಿ. ಎರಡು ಜನಗಣತಿಗಳ ನಡುವೆ ಈ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿನಷ್ಟು ಇಳಿಯಿತು ಎಂದರೆ, ಇಲ್ಲಿ ಉಪದೇಶ ಮಾಡುತ್ತಿದ್ದವರು, ಗಂಜಿ ಹಂಚುತ್ತಿದ್ದವರು, ಹೆಣ ಹೂಳುತ್ತಿದ್ದವರು ಏನು ಹೊತ್ತಿರಬೇಕೆಂದು ಊಹಿಸಿಕೊಳ್ಳಿ.

ಆ ಸಾಲಿನ ಒಬ್ಬರನ್ನು ಎಲ್ಲ ಕನ್ನಡಿಗರೂ ಬಲ್ಲರು. ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಬಂದರು. 1877ರಲ್ಲಿ ಜರ್ಮನಿಗೆ ಮರಳಿದರು. ಕೈಗೆತ್ತಿಕೊಂಡ ನಿಘಂಟು ಮುಗಿದಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಬಂದರು. 1892ರ ತನಕ ಇದ್ದರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇದನ್ನು ಒಬ್ಬ ಮಹಾಪುರುಷನ ಸಾಹಸವೆಂದೇ ಹೇಳುತ್ತ ಬಂದಿದ್ದೇವೆ. ನಾನೂ ಅನೇಕ ವೇದಿಕೆಗಳಲ್ಲಿ ಹಾಗೆ ಹೇಳಿ ಯುವಕರನ್ನು ಹುರಿದುಂಬಿಸಿದ್ದೇನೆ. ಈಗ ಇನ್ನೊಂದು ಪಾಲನ್ನೂ ಹೇಳಬೇಕು. ಕಿಟೆಲರಿಗಿಂತ ಮೊದಲೇ ಲಂಡನ್ ಮಿಶನ್ನಿನ ವಿಲಿಯಂ ರೀವ್ ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಹೊರತಂದಿದ್ದರು. ಕಿಟೆಲರ ಪಕ್ಕದಲ್ಲಿ ಕನ್ನಡದ ಪಂಡಿತರು ಕೂತಿದ್ದರು. ಕಿಟೆಲರು ಹೋದ ಮೇಲೆ ಎಂ. ಮರಿಯಪ್ಪ ಭಟ್ಟರು ಅದೇ ನಿಘಂಟನ್ನು ತಿದ್ದಿ ಬೆಳೆಸಿದರು. ಮದರಾಸು ವಿಶ್ವವಿದ್ಯಾಲಯ ಅದನ್ನು 1968ರಿಂದ 71ರ ನಡುವೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಒಬ್ಬನ ಆಯುಸ್ಸಿಗಿಂತ ಕೆಲಸದ ಆಯುಸ್ಸು ಉದ್ದ. ನಡುವಿನ ಒಂದಿಷ್ಟು ದೂರ ನಡೆಯುವುದಷ್ಟೇ ನಮ್ಮ ಪಾಲಿಗೆ ಬಂದದ್ದು.

1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಈ ಮಾತಿಗೆ ಇನ್ನೂ ದೊಡ್ಡ ಪರೀಕ್ಷೆಯಾಯಿತು. ಬ್ರಿಟಿಷ್ ಸರ್ಕಾರ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ದೇಶದಿಂದ ಕಳಿಸಿತು. ಎಂಬತ್ತು ವರ್ಷ ಎಲ್ಲವನ್ನೂ ಹೊತ್ತಿದ್ದ ಹೆಗಲುಗಳು ಒಮ್ಮೆಲೇ ಇಲ್ಲವಾದವು. ಸಭೆಗಳು ಮುಚ್ಚಿದವೆ? ಇಲ್ಲ. ನಮ್ಮವರೇ ಆದ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮಾಸ್ತರರು ಇತರ ಮಿಶನ್ನುಗಳ ನೆರವಿನೊಡನೆ ನಡೆಸಿದರು. ‘ನಾನಿಲ್ಲದಿದ್ದರೆ ಈ ಸಭೆ ನಡೆಯದು’ ಎಂದು ಕೊರಗುವ ಪ್ರತಿಯೊಬ್ಬ ಸೇವಕನೂ ಈ ಇತಿಹಾಸವನ್ನು ಓದಬೇಕು.

ಇನ್ನು ಶಾಸ್ತ್ರಕ್ಕೆ ಬರುತ್ತೇನೆ. ಒಂದನೆಯ ಅರಸುಗಳ ಪುಸ್ತಕದ 19ನೇ ಅಧ್ಯಾಯದ ಪ್ರವಾದಿ ಎಲೀಯನನ್ನು ನಾನು ಈಗ ಬೇರೆ ಕಣ್ಣಿನಿಂದ ಓದುತ್ತೇನೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡವನು, ಅದರ ಬೆನ್ನಲ್ಲೇ ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಓಡುತ್ತಾನೆ. ಬೇರ್ಷೆಬದಲ್ಲಿ ತನ್ನ ಆಳನ್ನು ಬಿಟ್ಟು ಒಬ್ಬನೇ ಮುಂದೆ ಹೋಗುತ್ತಾನೆ. ಇದನ್ನು ಎಷ್ಟೋ ಸಲ ಓದಿದ್ದರೂ ನಾನು ನಿಂತು ನೋಡಿರಲಿಲ್ಲ. ಬಸವಳಿದವನು ಮೊದಲು ಮಾಡುವ ಕೆಲಸ ಜೊತೆಗಾರನನ್ನು ಬಿಡುವುದು. ಆಮೇಲೆ ಮರಳುಗಾಡಿನ ಗಿಡದ ಬುಡದಲ್ಲಿ ಕೂತು ಸಾವು ಬೇಡುತ್ತಾನೆ.

ದೇವರು ಅವನಿಗೆ ಮಾಡಿದ ಚಿಕಿತ್ಸೆಯ ಕ್ರಮ ನೋಡಿ. ಮೊದಲು ನಿದ್ದೆ. ಆಮೇಲೆ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಮತ್ತೆ ನಿದ್ದೆ. ಮತ್ತೆ ರೊಟ್ಟಿ, ನೀರು. ಆಗಿನವರೆಗೆ ಒಂದು ಬುದ್ಧಿಮಾತಿಲ್ಲ, ‘ನಿನ್ನ ವಿಶ್ವಾಸ ಎಲ್ಲಿ ಹೋಯಿತು’ ಎಂಬ ಪ್ರಶ್ನೆಯಿಲ್ಲ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ದೇವದೂತನೇ ಒಪ್ಪುತ್ತಾನೆ. ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ ಮಾತು ಶುರುವಾಗುತ್ತದೆ. ಅಲ್ಲಿಯೂ ಎಲೀಯ ತಕ್ಷಣ ಗುಣವಾಗುವುದಿಲ್ಲ. ಬಿರುಗಾಳಿ, ಭೂಕಂಪ, ಬೆಂಕಿ ದಾಟಿ ಮೆಲುದನಿ ಕೇಳಿದ ಮೇಲೂ, ಮೊದಲು ಹೇಳಿದ ಉತ್ತರವನ್ನೇ ಹೇಳುತ್ತಾನೆ: ಉಳಿದವನು ತಾನೊಬ್ಬನೇ ಎಂದು. ದೇವರು ಗದರುವುದಿಲ್ಲ. ನಿನ್ನಂಥವರು ಇನ್ನೂ 7,000 ಜನ ಇದ್ದಾರೆ ಎನ್ನುತ್ತಾನೆ, ಮೂರು ಕೆಲಸ ಹೇಳುತ್ತಾನೆ. ಆ ಮೂರರಲ್ಲಿ ಎಲೀಯ ತಾನಾಗಿ ಮಾಡಿದ್ದು ಒಂದೇ, ಎಲೀಷನನ್ನು ಕರೆದದ್ದು. ಹಜಾಯೇಲ, ಯೇಹು ಎಂಬ ಇಬ್ಬರ ವಿಷಯದ ಕೆಲಸಗಳು ಮುಂದೆ ಎಲೀಷನ ಕಾಲದಲ್ಲಿ ನಡೆದವು. ದೇವರ ಲೆಕ್ಕದಲ್ಲಿ ಅವು ಎಲೀಯನ ಸೋಲಾಗಲಿಲ್ಲ.

ಕೆಲಸ ನಮ್ಮದಲ್ಲ ಎಂಬ ಈ ಮಾತು ಕ್ರೈಸ್ತರಿಗಷ್ಟೇ ಸೇರಿದ್ದಲ್ಲ ಎಂದು ಈ ಸಭೆಯಲ್ಲಿರುವ ಶರಣಬಂಧುಗಳ ಎದುರಿಗೆ ಹೇಳಲು ನನಗೆ ಸಂತೋಷ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನವರು ಐಕ್ಯರಾದರು. ಕಾಯಕದ ಮಾತನ್ನು ನಾವೆಲ್ಲ ಹೇಳುತ್ತೇವೆ, ದಾಸೋಹದ ಮಾತನ್ನು ಬೇಗ ಮರೆಯುತ್ತೇವೆ. ದುಡಿದದ್ದು ನನ್ನದಲ್ಲ ಎಂದು ಒಪ್ಪಿಸಿಬಿಡುವುದೇ ದಾಸೋಹ. ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ, ಹೆಚ್ಚಾದದ್ದನ್ನು ಇದ್ದಲ್ಲಿಗೇ ಚೆಲ್ಲಿ ಬಾ ಎಂದಳು. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮರಳುಗಾಡಿನ ಇಸ್ರಾಯೇಲರಿಗೆ ಮನ್ನವೆಂಬ ಆಹಾರ ಇಳಿದಾಗಲೂ ಇದೇ ಪಾಠ. ದಿನದ ಪಾಲಿಗಿಂತ ಹೆಚ್ಚು ಕೂಡಿಟ್ಟದ್ದರಲ್ಲಿ ಬೆಳಗಾಗುವಷ್ಟರಲ್ಲಿ ಹುಳ ಬಿತ್ತು. ಆರನೆಯ ದಿನ ಮಾತ್ರ ಎರಡು ದಿನದ ಪಾಲು ಸಿಕ್ಕಿತು, ಏಳನೆಯ ದಿನ ಹೊರಗೆ ಹೋಗಬೇಕಾಗದಂತೆ. ಅಕ್ಕಿಗೆ, ಮನ್ನಕ್ಕೆ ಮಾತ್ರವಲ್ಲ, ಸೇವೆಗೂ ಇಂಥದೊಂದು ಸಾಕು ಎಂಬ ಅಳತೆ ಇದೆ. ನಾಳೆಯ ಕೆಲಸವನ್ನೂ ಇಂದೇ ಕೂಡಿಹಾಕಲು ಹೊರಟವನ ಮನಸ್ಸಿನಲ್ಲಿ ಹುಳ ಬೀಳುತ್ತದೆ.

ನಮ್ಮ ಸೀಮೆಯ ಒಕ್ಕಲಿಗರು ಸೋಮವಾರ ಎತ್ತು ಹೂಡುವುದಿಲ್ಲ. ಬಿತ್ತನೆಯ ಹದ ತಪ್ಪೀತೆಂಬ ಆತಂಕವಿದ್ದರೂ ಹೂಡದ ಮನೆಗಳನ್ನು ನಾನು ಕಂಡಿದ್ದೇನೆ. ಬಸವಣ್ಣನೆಂದೇ ಪೂಜಿಸುವ ಎತ್ತಿನ ಹೆಗಲಿಗೆ ಒಂದು ದಿನ ನೊಗ ಬೇಡ ಎಂಬ ಭಕ್ತಿ ಅದು. ಮಳೆ ಬೀಳಿಸುವವನು ತಾನಲ್ಲ ಎಂದು ಬಲ್ಲ ರೈತನಿಗೆ ಮಾತ್ರ ಹಾಗೆ ನಿಲ್ಲಿಸಲು ಸಾಧ್ಯ. ಎತ್ತಿಗೆ ಸಲ್ಲುವ ಈ ಮರ್ಯಾದೆ ನಮ್ಮ ಸಭಾಪಾಲಕನಿಗೆ ಸಲ್ಲುತ್ತಿಲ್ಲ. ಭಾನುವಾರ ಎಲ್ಲರಿಗೂ ಸಬ್ಬತ್ತು, ಅವನಿಗೆ ಬಿಡುವಿಲ್ಲದ ದುಡಿಮೆ. ಸೋಮವಾರ ಬೆಳಿಗ್ಗೆ ಯಾರದೋ ಫೋನು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ‘ದೇವರ ಮೇಲೆ ಭಾರ ಹಾಕಿ, ಎಲ್ಲ ಸರಿಹೋಗುತ್ತದೆ’ ಎಂಬ ಮಾತನ್ನು ದಣಿದವನ ಬಾಯಿ ಮುಚ್ಚಿಸಲು ಬಳಸುವುದು ಪಾಪ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದಾಗ ಮಾವ ಇತ್ರೋ ಇನ್ನಷ್ಟು ಪ್ರಾರ್ಥನೆ ಮಾಡು ಅನ್ನಲಿಲ್ಲ. ನೀನೂ ಬಳಲುವೆ, ಜನರೂ ಬಳಲುವರು ಎಂದು ಹೇಳಿ, ಕೆಲಸವನ್ನು ಸಾವಿರ, ನೂರು, ಐವತ್ತು, ಹತ್ತು ಜನರ ಮುಖ್ಯಸ್ಥರಿಗೆ ಹಂಚಿಸಿದ. ಹಂಚಿಕೊಟ್ಟದ್ದೂ ದೇವರ ಮೇಲಿನ ನಂಬಿಕೆಯೇ. ಮೋಶೆಯ ಆತ್ಮವನ್ನು ನಡೆಸಿದ ದೇವರು ಹತ್ತು ಜನರ ಮುಖ್ಯಸ್ಥನನ್ನೂ ನಡೆಸಬಲ್ಲನೆಂದು ನಂಬದವನು ಕೆಲಸ ಹಂಚಲಾರ.

ಇಳಕಲ್ ಸೀರೆ ನೇಯುವವರು ಇದನ್ನು ಕೈಯಲ್ಲೇ ಬಲ್ಲರು. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಒಡಲಿನ ಎಳೆಯನ್ನೇ ಹಿಂಜಿ ಸೆರಗಿನ ತನಕ ಎಳೆಯಲು ಹೋದರೆ ಎಳೆ ಹರಿಯುತ್ತದೆ. ನಮ್ಮ ಸಭೆಗಳಲ್ಲಿ ಹರಿಯುತ್ತಿರುವುದು ಇಂಥ ಎಳೆಗಳು. ಸಭಾಪಾಲಕರಷ್ಟೇ ಅಲ್ಲ. ಸಂಬಳವಿಲ್ಲದೆ ದುಡಿಯುವ, ಅಮ್ಮನವರು ಎನಿಸಿಕೊಂಡ ಸಭಾಪಾಲಕರ ಹೆಂಡತಿಯರು, ಎರಡು ಪಾಳಿ ಒಟ್ಟಿಗೆ ಮಾಡುವ ನರ್ಸುಗಳು, ಶಾಲೆ ಮುಗಿಸಿ ಸಂಡೇ ಸ್ಕೂಲೂ ನಡೆಸುವ ಶಿಕ್ಷಕಿಯರು, ಗುಡಿಸುವುದರಿಂದ ಗಂಟೆ ಬಾರಿಸುವ ತನಕ ಎಲ್ಲಕ್ಕೂ ಕರೆಯಲ್ಪಡುವ ದೇವಾಲಯದ ಸೇವಕರು.

ನನಗೇನಾಯಿತೆಂದು ಹೇಳಿ ಮುಗಿಸುತ್ತೇನೆ. ಆ ಭಾನುವಾರದ ಮರುದಿನ ಹಿರಿಯರು ನನ್ನನ್ನು ವೈದ್ಯರ ಬಳಿ ಕರೆದೊಯ್ದರು. ರಕ್ತದೊತ್ತಡ ಏರಿತ್ತು, ನಿದ್ದೆ ಕೆಟ್ಟಿತ್ತು. ಔಷಧಿ ತೆಗೆದುಕೊಂಡೆ, ಅದರಿಂದ ನನ್ನ ವಿಶ್ವಾಸ ಕುಂದಲಿಲ್ಲ. ಎಲೀಯನಿಗೆ ರೊಟ್ಟಿ ತಂದವನೇ ನನಗೆ ವೈದ್ಯರನ್ನು ಕಳಿಸಿದ. ಆರು ವಾರ ತಂಗಿಯ ಮನೆಯಲ್ಲಿದ್ದೆ. ಮೊದಲ ಎರಡು ವಾರ ಬರೀ ಸಿಟ್ಟು, ಅಳು. ಪ್ರಾರ್ಥನೆಗೆ ಕೂತರೆ ಮಾತಿಲ್ಲ. ಆಗ ತಂಗಿ ದಿನಾ ಸಂಜೆ ಒಂದು ಕೀರ್ತನೆ ಓದುತ್ತಿದ್ದಳು, ನಾನು ಆಮೆನ್ ಎನ್ನುತ್ತಿದ್ದೆ. ಆ ದಿನಗಳಲ್ಲಿ ನನ್ನ ಪೂರ್ತಿ ಪ್ರಾರ್ಥನೆ ಆ ಒಂದು ಪದ. ಮರಳಿ ಬಂದಾಗ ಮೂರು ಊರಿನ ಆರಾಧನೆಯಲ್ಲಿ ಎರಡನ್ನು ಹಿರಿಯರೇ ನಡೆಸುತ್ತಿದ್ದರು, ಪಟ್ಟಿಯ ಕೆಲಸವನ್ನು ಇಬ್ಬರು ಹುಡುಗರು ನನಗಿಂತ ಅಚ್ಚುಕಟ್ಟಾಗಿ ಮುಗಿಸಿದ್ದರು. ಒಂದು ಕ್ಷಣ ನೋವಾಯಿತು. ಆಮೇಲೆ ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಆ ರಾತ್ರಿ ಗಾಢವಾಗಿ ನಿದ್ದೆ ಮಾಡಿದೆ.

ಸುಣ್ಣದ ಭಟ್ಟಿಯವರನ್ನು ಕೇಳಿ. ಸುಟ್ಟ ಹರಳಿಗೆ ಇನ್ನಷ್ಟು ಬೆಂಕಿ ಕೊಟ್ಟು ಪ್ರಯೋಜನವಿಲ್ಲ, ಅದಕ್ಕೆ ಬೇಕಾದದ್ದು ನೀರು. ನೀರು ಬಿದ್ದೊಡನೆ ಬುಸುಗುಟ್ಟಿ ಕುದಿಯುತ್ತದೆ, ಹತ್ತಿರ ನಿಂತವರ ಮೈ ಸುಡುತ್ತದೆ. ನನ್ನ ಮೊದಲ ಎರಡು ವಾರಗಳು ಹಾಗಿದ್ದವು. ಅದನ್ನು ಕಂಡು ನೀರು ಹಾಕುವುದನ್ನು ನಿಲ್ಲಿಸಬಾರದು. ಕುದಿತ ಇಳಿದ ಮೇಲೆ ಹರಳು ಬಿರಿದು ಬೆಳ್ಳಗೆ ಹಿಟ್ಟಾಗುತ್ತದೆ. ಅದನ್ನು ಕನ್ನಡದಲ್ಲಿ ಸುಣ್ಣ ಅರಳಿತು ಅನ್ನುತ್ತೇವೆ, ಹೂವಿಗೆ ಹೇಳುವ ಮಾತೇ ಇದು. ಆ ಸುಣ್ಣ ಗೋಡೆಗೆ ಹತ್ತಿ, ಭಟ್ಟಿಯಲ್ಲಿ ಕಳೆದುಕೊಂಡದ್ದನ್ನು ಗಾಳಿಯಿಂದ ಮೆಲ್ಲಗೆ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಈ ಸಲ ಒಂದು ಮನೆಯ ಗೋಡೆಯಾಗಿ. ತಿಂಗಳುಗಳು ಬೇಕು, ಅವಸರ ನಡೆಯದು.

ಆದ್ದರಿಂದ ಇಲ್ಲಿರುವ ಸಭಾ ಕಮಿಟಿಗಳ ಹಿರಿಯರಲ್ಲಿ ನನ್ನ ಬಿನ್ನಹ. ನಿಮ್ಮ ಸಭಾಪಾಲಕರಿಗೆ ವಾರದಲ್ಲಿ ಒಂದು ದಿನವನ್ನು ಠರಾವು ಮಾಡಿ ಬಿಟ್ಟುಕೊಡಿ, ಆ ದಿನ ಸಾವಿನ ಸುದ್ದಿಯ ಹೊರತು ಫೋನು ಮಾಡಬೇಡಿ. ವರ್ಷಕ್ಕೊಮ್ಮೆ ಕುಟುಂಬದೊಡನೆ ಅವರು ಊರು ಬಿಟ್ಟು ಹೋಗಿಬರಲಿ. ಹೋದಾಗ ಆರಾಧನೆ ನಡೆಸಲು ಇಬ್ಬರು ಹಿರಿಯರು ಈಗಲೇ ಕಲಿಯಲಿ. ಅಮ್ಮನವರ ಕೆಲಸವನ್ನೂ ಕೆಲಸವೆಂದು ಎಣಿಸಿ. ಸೇವೆಯಲ್ಲಿರುವವರಲ್ಲಿ ನನ್ನ ಬಿನ್ನಹ: ನಿದ್ದೆ ಕೆಟ್ಟು ವಾರಗಳಾಗಿದ್ದರೆ, ಬದುಕು ಬೇಡ ಅನ್ನಿಸಿದ್ದರೆ, ನಾಚಿಕೊಳ್ಳಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ದೂರವಿಲ್ಲ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಹಣ ಕೇಳದೆ ಮಾತಾಡುತ್ತಾರೆ. ಬೇರ್ಷೆಬದಲ್ಲಿ ಬಿಟ್ಟು ಬಂದ ಜೊತೆಗಾರನನ್ನು ಇಂದೇ ಹುಡುಕಿ ಮಾತಾಡಿಸಿ.

ಮತ್ತು ಈ ಭಾನುವಾರ ನಿಮ್ಮ ಸಭೆಯಲ್ಲಿ ಯಾರಾದರೂ ಕೈ ಎತ್ತಿ ಮಾತು ಬಾರದೆ ನಿಂತರೆ, ಕಾಯುತ್ತ ಕೂರಬೇಡಿ. ಆ ಮುದುಕಿಯಂತೆ ಎದ್ದು ಹೋಗಿ ಕೈ ಹಿಡಿದು ಕೂರಿಸಿ, ಅವರ ಸಲುವಾಗಿ ನೀವು ಪ್ರಾರ್ಥನೆ ಮಾಡಿ.